ಹಿಮ್ಮಡಿಯ ಮೆಟ್ಟಿಲು

ಅವಳಿಗೆ ಅಳತೆಯಕ್ಕ ಎಂಬ ಹೆಸರು ಬಿದ್ದು ಹದಿನಾರು ವರ್ಷವಾಗಿತ್ತು. ಕೆಲಸಕ್ಕೆ ಬಂದ ಮೊದಲ ದಿನ ಯಜಮಾನರು ಅವಳ ಕೈಗೊಂದು ಟೇಪು ಕೊಟ್ಟು, "ಬಂದೋರ ಕಾಲು ಅಳೆದು ಬರೆದಿಡಮ್ಮ, ಅಷ್ಟು ಸಾಕು" ಎಂದಿದ್ದರು. ಅವಳು ಅಷ್ಟಕ್ಕೇ ನಿಲ್ಲಲಿಲ್ಲ. ಕಾಲು ಅಳೆಸಿಕೊಳ್ಳುವಾಗ ಜನ ಬಾಯಿ ಬಿಡುತ್ತಾರೆ. ಯಾವ ಬೆರಳು ಎಲ್ಲಿ ಒತ್ತುತ್ತದೆ, ಸಂಜೆಗೆ ಎಷ್ಟು ಊದುತ್ತದೆ, ಮೆಟ್ಟಿಲು ಇಳಿಯುವಾಗ ಎಲ್ಲಿ ಚುಚ್ಚುತ್ತದೆ ಎಂದೆಲ್ಲ ಹೇಳಿಕೊಳ್ಳುತ್ತಾರೆ. ಅದನ್ನೆಲ್ಲ ಅವಳು ಅಳತೆಯ ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಗೀಚಿಡುತ್ತಿದ್ದಳು. ಹಾಗೆ ಗೀಚಿ ಗೀಚಿ ತುಂಬಿದ ನೋಟ್‌ಬುಕ್ಕುಗಳು ಕಪಾಟಿನ ಎರಡು ಅರೆ ಹಿಡಿದಿದ್ದವು.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಒಂದರ ಹಿಂದೊಂದು ಮೂರು ಕೋಣೆ. ಅಂಗಡಿಯ ಬೂಟು ಹಿಡಿಸದ ಕಾಲುಗಳಿಗೆ ಅಲ್ಲಿ ಬೂಟು ಹೊಲಿಯುತ್ತಿದ್ದರು. ಒಂದು ಉದ್ದ ಒಂದು ಗಿಡ್ಡವಾದ ಕಾಲು, ಸಕ್ಕರೆ ಕಾಯಿಲೆಯಿಂದ ಗಾಯ ಮಾಯದ ಕಾಲು, ಅಪಘಾತದಲ್ಲಿ ಎರಡು ಬೆರಳು ಹೋದ ಕಾಲು. ಮುಂದಿನ ಕೋಣೆಯಲ್ಲಿ ಅಳತೆ, ನಡುವಿನದರಲ್ಲಿ ಹೊಲಿಗೆ, ಹಿಂದಿನದರಲ್ಲಿ ಕೆತ್ತುವ ಯಂತ್ರ. ಅಳತೆಯನ್ನು ಕಂಪ್ಯೂಟರಿಗೆ ತುಂಬಿದರೆ ಅದು ಯಂತ್ರಕ್ಕೆ ಹೇಳಿ, ಮರದ ತುಂಡನ್ನು ಮುಕ್ಕಾಲು ಗಂಟೆಯಲ್ಲಿ ಆ ಕಾಲಿನ ಪಡಿಯಚ್ಚಾಗಿ ಕೆತ್ತಿಸುತ್ತಿತ್ತು. ಆ ಪಾದದಚ್ಚಿನ ಸುತ್ತ ಚರ್ಮ ಎಳೆದು ಹೊಲಿದರೆ ಬೂಟು. ಅಚ್ಚು ಸರಿಯಿದ್ದರೆ ಎಲ್ಲ ಸರಿ. ಅಚ್ಚು ಕೂದಲೆಳೆಯಷ್ಟು ತಪ್ಪಿದರೂ ಹಾಕಿಕೊಂಡವರ ಕಾಲು ಅದನ್ನು ಹೇಳಿಬಿಡುತ್ತದೆ. ಏಳು ವರ್ಷದಿಂದ ಈ ಯಂತ್ರವೂ ಅಳತೆಯಕ್ಕನ ಕೈಯಲ್ಲೇ ಇತ್ತು.

ಯಜಮಾನರಿಗೆ ಮಂಡಿ ನೋವು ಹೆಚ್ಚಾದ ಮೇಲೆ ಉಸ್ತುವಾರಿ ಅವರ ಅಳಿಯನ ಪಾಲಿಗೆ ಬಂದಿತ್ತು. ದೊಡ್ಡ ಗೋದಾಮೊಂದರಲ್ಲಿ ಮೇಲ್ವಿಚಾರಕನಾಗಿದ್ದವನು. ಎಲ್ಲವೂ ಒಂದು ಶಿಸ್ತಿನಲ್ಲಿರಬೇಕು ಎನ್ನುವ ಮನುಷ್ಯ. ಕೆಲಸಗಾರರಿಗೂ ಅವನು 'ಅಳಿಯಂದಿರು'. ಇಡೀ ಕಾರ್ಖಾನೆಗೆ ಅಳಿಯನಾದವರು ಜಗತ್ತಿನಲ್ಲಿ ಇವರೊಬ್ಬರೇ ಇರಬೇಕು ಎಂದು ಹೊಲಿಗೆಯಜ್ಜ ನಗುತ್ತಿದ್ದ. ಹೊಲಿಗೆಯಜ್ಜನಿಗೆ ಎಪ್ಪತ್ತು ದಾಟಿತ್ತು, ಕೈಗೆ ಮಾತ್ರ ಇನ್ನೂ ಮೂವತ್ತು.

ಹಳೇ ಕಂಪ್ಯೂಟರು ಒಂದು ಮಧ್ಯಾಹ್ನ ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು. ಅಳಿಯ ನಾಲ್ಕು ಅಂಗಡಿ ಅಲೆದು ಹೊಸದು ತಂದ. ಅಂಗೈಯಗಲದ ಪೆಟ್ಟಿಗೆ, ಸದ್ದಿಲ್ಲ, ಬಿಸಿಯಿಲ್ಲ. "ಹಳೇದು ತಿನ್ನೋ ಕರೆಂಟಿನ ಕಾಲು ಭಾಗ ಸಾಕು ಇದಕ್ಕೆ" ಎಂದು ಬಂದವರಿಗೆಲ್ಲ ತೋರಿಸಿದ. ಎರಡು ತಿಂಗಳು ಅದು ಚಿನ್ನದಂತೆ ನಡೆಯಿತು. ಅಳತೆಯಕ್ಕ ಅದರಲ್ಲೇ ಮೆಲ್ಲಗೆ ಹಾಡು ಹಾಕಿಕೊಂಡು ಕೆಲಸ ಮಾಡುತ್ತಿದ್ದಳು. ಹಾಡಿದ್ದರೆ ಮರದ ಹುಡಿಯೂ ಅವಳ ಮೂಗಿಗೆ ಅಷ್ಟು ತಾಗುತ್ತಿರಲಿಲ್ಲವಂತೆ.

ಆಸ್ಪತ್ರೆಯ ಕಾಲಿನ ಡಾಕ್ಟರಮ್ಮ ಹದಿನೆಂಟು ಜೊತೆ ಬೂಟಿನ ಕೆಲಸ ಕೊಡಲು ಬಂದ ದಿನವೂ ಹಾಡು ನಡೆದೇ ಇತ್ತು. ಡಾಕ್ಟರಮ್ಮ ಅದನ್ನು ಗಮನಿಸಿದರೋ ಇಲ್ಲವೋ, ಅಳಿಯನ ಮುಖ ಮಾತ್ರ ಕೆಂಪಾಯಿತು. ಅವರು ಹೊರಟ ಮೇಲೆ ಹಿಂದಿನ ಕೋಣೆಯ ಬಾಗಿಲಲ್ಲಿ ಬಂದು ನಿಂತ.

"ಅಕ್ಕ, ಯಂತ್ರದ ಕಂಪ್ಯೂಟರು ಯಂತ್ರಕ್ಕೆ ಮಾತ್ರ. ನಾಳೆಯಿಂದ ಹಾಡು ಗೀಡು ಏನೂ ಬೇಡ."

"ಮೆಲ್ಲಗೇ ಹಾಕಿರ್ತೀನಲ್ಲ."

"ಮೆಲ್ಲಗೂ ಬೇಡ. ಅದರ ಗಮನವೆಲ್ಲ ಕೆಲಸದ ಮೇಲೇ ಇರಲಿ."

ಅಳತೆಯಕ್ಕನಿಗೆ ಬೇಜಾರಾಯಿತು, ಆದರೆ ವಾದಕ್ಕಿಳಿಯಲಿಲ್ಲ. ಮರುದಿನ ಕೋಣೆಯಲ್ಲಿ ಯಂತ್ರದ ಉಳಿ ಮರ ಕೆರೆಯುವ ಸದ್ದೊಂದೇ.

ಅದರ ಮಾರನೇ ದಿನ ಮೊದಲ ಮೆಟ್ಟಿಲು ಕಾಣಿಸಿತು.

ಅಚ್ಚಿನ ಹಿಮ್ಮಡಿಯ ಮೇಲೆ ಬೆರಳಾಡಿಸುತ್ತಿದ್ದ ಅಳತೆಯಕ್ಕನ ಉಗುರಿಗೆ ಏನೋ ತಡೆಯಿತು. ಬೆಳಕಿಗೆ ಹಿಡಿದಳು. ನುಣ್ಣಗೆ ಇಳಿಯಬೇಕಾದ ಜಾಗದಲ್ಲಿ ಒಂದು ಸಣ್ಣ ಅಂಚು. ಅಲ್ಲಿಂದಾಚೆಗೆ ಇಡೀ ಅಚ್ಚು ಒಂದು ಅಕ್ಕಿಕಾಳಿನಷ್ಟು ಪಕ್ಕಕ್ಕೆ ಸರಿದಿತ್ತು. ಯಂತ್ರ ಒಂದು ಹೆಜ್ಜೆ ತಪ್ಪಿ, ತಪ್ಪಿದ್ದು ಗೊತ್ತಿಲ್ಲದೆ ಮುಂದಕ್ಕೆ ಕೆತ್ತಿಕೊಂಡು ಹೋಗಿತ್ತು. ಸ್ಯಾಂಡ್ ಪೇಪರಿನಲ್ಲಿ ಉಜ್ಜಿದರೆ ಹೋಗುವ ತಪ್ಪಲ್ಲ ಅದು. ಅಚ್ಚನ್ನು ಪಕ್ಕಕ್ಕಿಟ್ಟು ಇನ್ನೊಂದು ಕೆತ್ತಿಸಿದಳು. ಅದು ಸರಿಯಾಗಿ ಬಂತು. ಮೂರನೆಯದರಲ್ಲಿ ಹೆಬ್ಬೆರಳಿನ ಬುಡದಲ್ಲಿ ಮೆಟ್ಟಿಲು.

ಹಾಡು ನಿಂತದ್ದಕ್ಕೂ ಮೆಟ್ಟಿಲು ಬಂದದ್ದಕ್ಕೂ ಗಂಟು ಹಾಕುವ ಯೋಚನೆ ಯಾರಿಗೂ ಬರಲಿಲ್ಲ, ಅಳತೆಯಕ್ಕನಿಗೂ. ಅದೇ ವಾರ ಯಂತ್ರದ ಬೆಲ್ಟು ಬದಲಾಗಿತ್ತು, ಹೊಸ ಮರ ಬಂದಿತ್ತು. ಅನುಮಾನವೆಲ್ಲ ಅವುಗಳ ಕಡೆಗೇ ಹೋಯಿತು. ಬೆಲ್ಟು ಬಿಗಿ ಮಾಡಿದರು, ಸಡಿಲ ಮಾಡಿದರು, ಮತ್ತೆ ಹಳೆಯದನ್ನೇ ಹಾಕಿದರು. ಹಳೇ ಮರದ ತುಂಡು ಹುಡುಕಿ ತಂದರು. ಮೋಟಾರಿನ ವೈರುಗಳನ್ನು ಒಂದೊಂದಾಗಿ ಕಿತ್ತು ಸಿಕ್ಕಿಸಿದರು. ಮೆಟ್ಟಿಲು ಮಾತ್ರ ಬರುತ್ತಲೇ ಇತ್ತು, ಐದರಲ್ಲಿ ಎರಡಕ್ಕೆ, ಒಮ್ಮೊಮ್ಮೆ ಮೂರಕ್ಕೆ.

ಅಳಿಯ ಕೊನೆಗೆ ಯಂತ್ರ ರಿಪೇರಿಯವರನ್ನು ಕರೆಸಿದ. ಕೈಯಲ್ಲಿ ಸದಾ ಒಂದು ಉಪಕರಣದ ಪೆಟ್ಟಿಗೆ ಇರುತ್ತಿದ್ದುದರಿಂದ ಅವರು ಎಲ್ಲರ ಬಾಯಲ್ಲಿ 'ಪೆಟ್ಟಿಗೆಯವರು'. ಬಂದವರೇ ಕಂಪ್ಯೂಟರಿನಲ್ಲಿ ತಮ್ಮದೊಂದು ಪರೀಕ್ಷೆಯ ಪ್ರೋಗ್ರಾಮು ತೆರೆದರು. ಪರದೆಯ ತುಂಬ ಬಣ್ಣಬಣ್ಣದ ಗೆರೆಗಳು ಎಡದಿಂದ ಬಲಕ್ಕೆ ಓಡತೊಡಗಿದವು. ಯಂತ್ರಕ್ಕೆ ಹೋಗುವ ಒಂದೊಂದು ಆಜ್ಞೆಯೂ ಅದರಲ್ಲಿ ಕಾಣುತ್ತದಂತೆ. ಅಚ್ಚು ಒಂದಾಯಿತು, ಎರಡಾಯಿತು, ಮೂರಾಯಿತು. ಮೂರೂ ಬೆಣ್ಣೆಯಂತೆ ಬಂದವು.

"ಏನೂ ತೊಂದರೆ ಇಲ್ಲವಲ್ಲ" ಎಂದು ಪೆಟ್ಟಿಗೆಯವರು ಪೆಟ್ಟಿಗೆ ಮುಚ್ಚಿದರು.

ಅವರು ಬೀದಿ ತಿರುವು ದಾಟಿರಲಿಕ್ಕಿಲ್ಲ, ಮುಂದಿನ ಅಚ್ಚಿನಲ್ಲಿ ಹಿಮ್ಮಡಿ ಹೋಗಿತ್ತು. ಮರುದಿನ ಮತ್ತೆ ಕರೆಸಿದರು. ಮತ್ತೆ ಗೆರೆಗಳು ಓಡಿದವು, ಮತ್ತೆ ಅಚ್ಚುಗಳು ಸರಿಯಾಗಿ ಬಂದವು.

"ನನ್ನ ಕಂಡ್ರೆ ಹೆದರುತ್ತೆ ಅನ್ಸುತ್ತೆ" ಎಂದರು ಪೆಟ್ಟಿಗೆಯವರು, ತಲೆ ಕೆರೆದುಕೊಂಡು.

"ಹಾಗಾದ್ರೆ ನಿಮ್ಮದೊಂದು ಫೋಟೋ ಕೊಟ್ಟು ಹೋಗಿ. ಯಂತ್ರದ ಎದುರಿಗೇ ನೇತು ಹಾಕ್ತೀವಿ" ಎಂದ ಹೊಲಿಗೆಯಜ್ಜ.

ಎಲ್ಲರೂ ನಕ್ಕರು, ಅಳಿಯನೊಬ್ಬನನ್ನು ಬಿಟ್ಟು. ಅವನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಸಂಜೆ ಎಲ್ಲರೂ ಕೈ ತೊಳೆಯುತ್ತಿದ್ದಾಗ ಅವನು ಅಳತೆಯಕ್ಕನನ್ನು ಪಕ್ಕಕ್ಕೆ ಕರೆದ.

"ತಪ್ಪು ತಿಳ್ಕೋಬೇಡಿ ಅಕ್ಕ. ಪೆಟ್ಟಿಗೆಯವರು ಇದ್ದಾಗ ಸರಿ ಬರುತ್ತೆ, ನೀವೊಬ್ಬರೇ ಇದ್ದಾಗ ಕೆಡುತ್ತೆ. ಇದಕ್ಕೆ ಏನು ಹೇಳೋದು?"

"ನಾನು ಕೆಡಿಸ್ತೀನಿ ಅಂತೀರಾ?"

"ಬೇಕಂತ ಅಲ್ಲ. ಮರ ಬಿಗಿಯೋದರಲ್ಲಿ, ಗುಂಡಿ ಒತ್ತೋದರಲ್ಲಿ, ಎಲ್ಲೋ ಏನೋ ಆಗ್ತಿರಬಹುದು. ಬುಧವಾರದವರೆಗೆ ನೋಡೋಣ. ಸರಿಹೋಗದಿದ್ರೆ ಯಂತ್ರಕ್ಕೆ ಬೇರೆಯವರನ್ನ ಇಡ್ತೀನಿ. ನೀವು ಮುಂದಿನ ಕೋಣೆಯಲ್ಲಿ ಅಳತೆ ನೋಡಿಕೊಳ್ಳಿ. ಆಸ್ಪತ್ರೆಗೆ ಕೊಟ್ಟ ಮಾತಿಗೆ ಇನ್ನು ಹದಿನೈದು ದಿನ ಇದೆ ಅಷ್ಟೇ."

ಅವನು ಒರಟಾಗಿ ಮಾತಾಡಿರಲಿಲ್ಲ, ಅದಕ್ಕೇ ಅದು ಇನ್ನೂ ಚುಚ್ಚಿತು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಅಳತೆಯಕ್ಕ ಎಂದಿನಂತೆ ಪಕ್ಕದವರ ಕಾಲು ನೋಡುತ್ತ ಕೂರಲಿಲ್ಲ. ತಾನೇ ಏನಾದರೂ ತಪ್ಪುತ್ತಿದ್ದೇನೆಯೇ ಎಂದು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ" ಎಂದಳು ಮನೆಯಲ್ಲಿ ಗಂಡನಿಗೆ. "ಪೆಟ್ಟಿಗೆಯವರು ಇದ್ದಾಗ ಸರಿ ಬರುತ್ತೆ. ಅದು ನಿಜ."

ಗಂಡ ಬಸ್ಸಿನ ಡ್ರೈವರು. "ನೀನಿಲ್ಲದೆ ಇದ್ದಾಗಲೂ ಕೆಟ್ಟಿದೆಯಾ?" ಎಂದು ಕೇಳಿದ.

"ನಾನಿಲ್ಲದೆ ಅದು ನಡೆಯೋದೇ ಇಲ್ಲವಲ್ಲ."

"ಸರಿ, ನೀನೊಬ್ಬಳೇ ಇದ್ದಾಗ ಸರಿಯಾಗಿ ಬಂದಿದ್ದು ಯಾವುದಾದರೂ ಇದೆಯಾ?"

ಅವಳ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಇದ್ದವು, ಐದರಲ್ಲಿ ಎರಡೋ ಮೂರೋ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ನೋಟ್‌ಬುಕ್ಕು ತೆರೆದಳು. ಪ್ರತಿ ಅಚ್ಚಿಗೂ ಒಂದು ಸಾಲು: ಯಾವ ಕಾಲು, ಯಾವ ಮರ, ಎಷ್ಟು ಗಂಟೆಗೆ ಶುರು, ಪಕ್ಕದಲ್ಲಿ ಸಣ್ಣಕ್ಷರದ ಟಿಪ್ಪಣಿ. ಸರಿಬಂದವಕ್ಕೆ ಹಸಿರು ಪೆನ್ಸಿಲಿನಲ್ಲಿ ಸುತ್ತು ಹಾಕಿದಳು. ಮರದ ಸಾಲು ನೋಡಿದಳು, ಗಂಟೆಯ ಸಾಲು ನೋಡಿದಳು. ಏನೂ ಹೊಂದಲಿಲ್ಲ. ಆಮೇಲೆ ಹಸಿರು ಸುತ್ತುಗಳ ಪಕ್ಕದ ಟಿಪ್ಪಣಿಗಳನ್ನು ಓದತೊಡಗಿದಳು.

'ಕಂಪ್ಯೂಟರು ತಾನೇ ಏನೋ ಅಪ್‌ಡೇಟ್ ಹಾಕಿಕೊಳ್ಳುತ್ತಿದೆ, ಆಫ್ ಮಾಡಬೇಡಿ ಅಂತಿದೆ. ಕೆಡಿಸುತ್ತೋ ಏನೋ.' ಕೆಡಿಸಿರಲಿಲ್ಲ.

'ಡಾಕ್ಟರಮ್ಮನಿಗೆ ಎಲ್ಲ ಅಳತೆಯ ಫೈಲು ಪೆನ್‌ಡ್ರೈವಿಗೆ ಹಾಕುತ್ತ ಕೆತ್ತಿಸಿದ್ದು.' ಅದೂ ಸರಿಬಂದಿತ್ತು.

'ಪೆಟ್ಟಿಗೆಯವರ ಗೆರೆ.' ಸರಿ. 'ಪೆಟ್ಟಿಗೆಯವರ ಗೆರೆ.' ಸರಿ.

ಪುಟ ಹಿಂದಕ್ಕೆ ಮಗುಚಿದಳು. ಹಾಡು ನಿಲ್ಲಿಸಿದ ದಿನಕ್ಕಿಂತ ಹಿಂದೆ ಎರಡು ತಿಂಗಳಲ್ಲಿ ಒಂದೇ ಒಂದು ಮೆಟ್ಟಿಲೂ ಇರಲಿಲ್ಲ. ಮೈಮೇಲೆ ಕೆಲಸ ಬಿದ್ದಾಗಲೆಲ್ಲ ಕಂಪ್ಯೂಟರು ಯಂತ್ರವನ್ನು ಸರಿಯಾಗಿ ನಡೆಸಿತ್ತು. ಬೇರೆ ಕೆಲಸವೇನೂ ಇಲ್ಲದೆ, ಗಮನವೆಲ್ಲ ಯಂತ್ರದ ಮೇಲೇ ಇರಬೇಕಾಗಿದ್ದಾಗ ತಪ್ಪಿತ್ತು. ಇದು ತಲೆಕೆಳಗು. ಆದರೆ ಹಸಿರು ಸುತ್ತುಗಳು ಬೇರೇನನ್ನೂ ಹೇಳುತ್ತಿರಲಿಲ್ಲ.

ಅಳಿಯನಿಗೆ ಹೇಳಿದಾಗ ಅವನು ಹುಬ್ಬೇರಿಸಿದ.

"ಹಾಡು ಕೇಳಿದ್ರೆ ಯಂತ್ರ ಸರಿಹೋಗುತ್ತೆ ಅಂತೀರಾ? ಅಕ್ಕ, ನಿಮಗೆ ಹಾಡು ಬೇಕು ಅಂದ್ರೆ ನೇರವಾಗಿ ಕೇಳಿ."

"ಯಂತ್ರಕ್ಕೆ ಕಿವಿ ಇಲ್ಲ ಅಂತ ನನಗೂ ಗೊತ್ತು. ಶಬ್ದವನ್ನ ಪೂರ್ತಿ ಇಳಿಸಿಬಿಡಿ, ಒಂದಕ್ಷರ ಕೇಳಿಸೋದು ಬೇಡ. ಹಾಡು ಒಳಗೆ ಓಡ್ತಾ ಇರಲಿ ಅಷ್ಟೇ. ಆರು ತುಂಡು ಕೆತ್ತೋಣ, ಮೂರು ಹಾಡಿನ ಜೊತೆ, ಮೂರು ಹಾಡಿಲ್ಲದೆ. ನೀವೇ ಮರ ಬಿಗೀರಿ, ನೀವೇ ಗುಂಡಿ ಒತ್ತಿ. ನಾನು ಆ ಕೋಣೆಗೆ ಕಾಲೂ ಇಡಲ್ಲ."

ಕಿಟಕಿಯ ಬಳಿ ಕುರ್ಚಿಯಲ್ಲಿ ಮಂಡಿ ನೀವಿಕೊಳ್ಳುತ್ತಿದ್ದ ಯಜಮಾನರು ತಲೆಯೆತ್ತಿದರು. "ಹೇಗೂ ಹನ್ನೊಂದು ಅಚ್ಚು ಹಾಳಾಗಿದೆ ಅಳಿಯಂದಿರೇ. ಇನ್ನಾರು ತುಂಡಿಗೆ ಹಿಂದೆಮುಂದೆ ನೋಡೋದೇನು?"

ಅಳಿಯ ಅಂಗಿಯ ತೋಳು ಮಡಚಿದ. ಅಳತೆಯಕ್ಕ ಮುಂದಿನ ಕೋಣೆಯಲ್ಲಿ, ಬಂದವರನ್ನು ಕೂರಿಸುವ ಸ್ಟೂಲಿನ ಮೇಲೆ ತಾನೇ ಕೂತಳು. ಹೊಲಿಗೆಯಜ್ಜ ನಡುವಿನ ಕೋಣೆಯಿಂದ ಸೂಜಿ ಆಡಿಸುತ್ತಲೇ ಎರಡೂ ಕಡೆ ಕಣ್ಣಿಟ್ಟಿದ್ದ. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದದ್ದು ಮಧ್ಯಾಹ್ನ ಎರಡರ ತನಕ ನಡೆಯಿತು. ಮೊದಲ ಮೂರು ಹಾಡಿಲ್ಲದೆ. ಎರಡರಲ್ಲಿ ಮೆಟ್ಟಿಲು. ಆಮೇಲಿನ ಮೂರು ಹಾಡಿನ ಜೊತೆ. ಮೂರೂ ನುಣುಪು.

ಅಳಿಯ ಕೊನೆಯ ಅಚ್ಚಿನ ಹಿಮ್ಮಡಿಯ ಮೇಲೆ ತಾನೂ ಉಗುರಾಡಿಸಿ ನೋಡಿದ. ಮತ್ತೆ ಒಳಗೆ ಹೋಗಿ ಇನ್ನೊಂದು ತುಂಡು ಬಿಗಿದ, ಹಾಡು ನಿಲ್ಲಿಸಿದ, ಗುಂಡಿ ಒತ್ತಿದ. ಮುಕ್ಕಾಲು ಗಂಟೆಯ ನಂತರ ಹೊರಗೆ ಬಂದು ಅದನ್ನು ಅಳತೆಯಕ್ಕನ ಮಡಿಲಲ್ಲಿಟ್ಟ. ಹಿಮ್ಮಡಿಯಲ್ಲಿ ಮೆಟ್ಟಿಲು.

"ನಿಮ್ಮ ಕೈ ತಪ್ಪಲ್ಲ" ಎಂದ. "ನಾನೇ ಒತ್ತಿದ್ದು ಇದು."

"ನಿಮ್ಮದೂ ತಪ್ಪಲ್ಲ ಬಿಡಿ" ಎಂದಳು ಅಳತೆಯಕ್ಕ.

"ಈಗ ಹಾಡು ಹಾಕಿಕೊಂಡೇ ಹದಿನೆಂಟು ಜೊತೆ ಮುಗಿಸಿಬಿಡಿ."

"ಇಲ್ಲ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗೋ ಸಂದಿಯಲ್ಲಿ ತಪ್ಪಿದ್ರೆ? ಯಾಕೆ ತಪ್ಪುತ್ತೆ ಅಂತ ಗೊತ್ತಾಗಬೇಕು. ಯಂತ್ರ ಮಾಡಿದೋರಿಗೇ ಫೋನ್ ಮಾಡ್ತೀನಿ."

ಫೋನಿನಲ್ಲಿ ಮೊದಲು ಸಿಕ್ಕವನು ಆಫ್ ಮಾಡಿ ಆನ್ ಮಾಡಿ ಎಂದ. ಎರಡನೆಯವನು ಬೆಲ್ಟು ನೋಡಿ ಎಂದ. ಮೂರನೆಯವನು ಕಂಪ್ಯೂಟರಿನಲ್ಲಿ ಬೇರೆ ಏನನ್ನೂ ಓಡಿಸಬೇಡಿ, ಎಲ್ಲ ಮುಚ್ಚಿಬಿಡಿ ಎಂದ. "ಸ್ವಾಮಿ, ಮುಚ್ಚಿದ್ರೇನೇ ತಪ್ಪೋದು" ಎಂದು ಅಳತೆಯಕ್ಕ ನೋಟ್‌ಬುಕ್ಕಿನ ಸಾಲುಗಳನ್ನು ಒಂದೊಂದಾಗಿ ಓದಿಹೇಳಿದಳು. ಅವನು ಪ್ರೋಗ್ರಾಮು ಬರೆಯುವ ವಿಭಾಗಕ್ಕೆ ಫೋನು ಕೊಟ್ಟ. ಅಲ್ಲಿದ್ದದ್ದು ಒಬ್ಬ ಇಂಜಿನಿಯರ್ ಹೆಂಗಸು. ಎಲ್ಲವನ್ನೂ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು.

"ಮೇಡಂ, ನಿಮ್ಮ ಕಂಪ್ಯೂಟರು ಹೊಸದಾ? ಕರೆಂಟು ಕಡಿಮೆ ತಿನ್ನೋ ಅಂಥದ್ದಾ?"

"ಹೌದಮ್ಮ. ನಮ್ಮ ಅಳಿಯಂದಿರು ಹುಡುಕಿ ತಂದಿದ್ದು."

"ಹಾಗಾದ್ರೆ ಗೊತ್ತಾಯ್ತು. ಅದು ಸೆಕೆಂಡಿಗೆ ಸಾವಿರ ಸಲ ಯಂತ್ರಕ್ಕೆ ಆಜ್ಞೆ ಕಳಿಸಬೇಕು. ಒಂದು ಆಜ್ಞೆಗೂ ಇನ್ನೊಂದಕ್ಕೂ ನಡುವಿನ ಹೊತ್ತು ನಮ್ಮ ಲೆಕ್ಕಕ್ಕೇ ಬರಲ್ಲ. ಆದರೆ ಪ್ರೊಸೆಸರಿಗೆ ಅದು ದೊಡ್ಡ ಬಿಡುವು. ಬಿಡುವು ಸಿಕ್ಕಿದ ಕೂಡಲೇ ಕರೆಂಟು ಉಳಿಸೋಕೆ ಅದು ನಿದ್ದೆಗೆ ಹೋಗುತ್ತೆ."

"ಅಷ್ಟರೊಳಗೆ ನಿದ್ದೆನಾ?"

"ಹೌದು. ನಿದ್ದೆಯಲ್ಲೂ ಹಂತ ಇದೆ. ಮೊದಲನೇದರಲ್ಲಿ ಕೆಲಸ ನಿಲ್ಲಿಸಿ ಸುಮ್ಮನಿರುತ್ತೆ ಅಷ್ಟೇ, ಕರೆದ ಕೂಡಲೇ ಎದ್ದುಬಿಡುತ್ತೆ. ಅದಕ್ಕಿಂತ ಆಳಕ್ಕೆ ಹೋದ್ರೆ ಒಳಗಿನ ಗಡಿಯಾರಗಳನ್ನ ನಿಲ್ಲಿಸುತ್ತೆ. ಇನ್ನೂ ಆಳಕ್ಕೆ ಹೋದ್ರೆ, ಕೈಗೆಟುಕೋ ಹಾಗೆ ಇಟ್ಟುಕೊಂಡಿದ್ದನ್ನೆಲ್ಲ ಆಚೆ ಎತ್ತಿಟ್ಟು, ತನ್ನ ಕರೆಂಟನ್ನೇ ಕಡಿದುಕೊಳ್ಳುತ್ತೆ. ಅಲ್ಲಿಂದ ಏಳಬೇಕಾದ್ರೆ ಕರೆಂಟು ಬರಬೇಕು, ಗಡಿಯಾರ ಶುರುವಾಗಬೇಕು, ಎತ್ತಿಟ್ಟಿದ್ದನ್ನೆಲ್ಲ ಮತ್ತೆ ತಂದುಕೊಳ್ಳಬೇಕು. ಅಷ್ಟರಲ್ಲಿ ಆಜ್ಞೆ ತಡವಾಗುತ್ತೆ, ಮೋಟಾರು ಒಂದು ಹೆಜ್ಜೆ ತಪ್ಪುತ್ತೆ."

ಅಳತೆಯಕ್ಕ ಅದನ್ನು ಬೂಟಿನ ಲೆಕ್ಕಕ್ಕೆ ತಂದುಕೊಂಡಳು. "ಬೂಟು ಹಾಕಿಕೊಂಡೇ ಕೂತವನು ಕರೆದ ತಕ್ಷಣ ಎದ್ದು ಬರ್ತಾನೆ. ಬೂಟು ಬಿಚ್ಚಿ, ಕಾಲುಚೀಲ ಬಿಚ್ಚಿ ಕೂತವನು ಅವನ್ನೆಲ್ಲ ಹುಡುಕಿ, ಹಾಕಿ, ದಾರ ಕಟ್ಟಿಕೊಂಡು ಬರೋಷ್ಟರಲ್ಲಿ ಬಸ್ಸು ಹೋಗಿರುತ್ತೆ. ಹೀಗೇ ತಾನೇ?"

ಆ ಕಡೆ ನಗು ಕೇಳಿಸಿತು. "ಹೀಗೇ. ನಾನು ಇನ್ನು ಮುಂದೆ ಹೀಗೇ ಹೇಳ್ತೀನಿ."

"ಹಾಗಾದ್ರೆ ಪ್ರತಿ ಸಲ ಯಾಕೆ ತಪ್ಪಲ್ಲ?"

"ಎಷ್ಟು ಆಳಕ್ಕೆ ಹೋಗಬೇಕು ಅಂತ ಅದೇ ಅಂದಾಜು ಮಾಡುತ್ತೆ. ಹಿಂದೆ ಎಷ್ಟೆಷ್ಟು ಬಿಡುವು ಸಿಕ್ಕಿತ್ತು ಅಂತ ನೋಡಿ, ಈಗಲೂ ಇಷ್ಟಿರಬಹುದು ಅಂದ್ಕೊಳ್ಳುತ್ತೆ. ಅಂದಾಜು ಸರಿಯಾದ್ರೆ ಸರಿ, ತಪ್ಪಿದ್ರೆ ನಿಮ್ಮ ಮೆಟ್ಟಿಲು. ಹಾಡು ಓಡ್ತಿದ್ರೆ ಆಗಾಗ ಎಬ್ಬಿಸ್ತಾನೇ ಇರುತ್ತೆ, ಆಳಕ್ಕೆ ಹೋಗೋಕೆ ಬಿಡುವೇ ಸಿಗಲ್ಲ. ಪರೀಕ್ಷೆಯ ಗೆರೆಗಳೂ ಅದನ್ನೇ ಮಾಡಿವೆ. ಹಳೇ ಕಂಪ್ಯೂಟರಿಗೆ ಇಷ್ಟು ಆಳದ ನಿದ್ದೆ ಗೊತ್ತಿರಲಿಲ್ಲ, ಅದಕ್ಕೇ ತೊಂದರೆ ಬಂದಿರಲಿಲ್ಲ."

ಕಂಪ್ಯೂಟರು ಶುರುವಾಗುವಾಗ ಒಂದು ಗುಂಡಿ ಒತ್ತಿ ಹಿಡಿದರೆ ನೀಲಿ ಪರದೆ ಬರುತ್ತದೆ, ಅಲ್ಲಿ 'ಸಿ-ಸ್ಟೇಟ್' ಎಂಬ ಸಾಲಿದೆ, ನಿದ್ದೆ ಎಷ್ಟು ಆಳಕ್ಕೆ ಹೋಗಬಹುದು ಎಂಬ ಮಿತಿಯನ್ನು ಅಲ್ಲೇ ಇಡಬಹುದು ಎಂದು ಇಂಜಿನಿಯರ್ ಹೇಳಿಕೊಟ್ಟಳು. "ಪೂರ್ತಿ ಆಫ್ ಮಾಡಿಬಿಡಿ, ತಲೆನೋವೇ ಬೇಡ."

ಅಳತೆಯಕ್ಕ ಅದನ್ನು ಬರೆದುಕೊಂಡಳು, ಆದರೆ ಪೂರ್ತಿ ಆಫ್ ಮಾಡುವ ಮುಂಚೆ ಒಂದು ಯೋಚನೆ ಮಾಡಿದಳು. ಕಾಲಿಗೆ ಎಷ್ಟು ಬೇಕೋ ಅಷ್ಟೇ ಜಾಗ ಬಿಡುವುದು ಅವಳ ಕೆಲಸದ ಅಭ್ಯಾಸ. ಹೆಚ್ಚು ಬಿಟ್ಟರೂ ಬೂಟು ಕೆಟ್ಟದ್ದೇ. ಹಾಗಾಗಿ ಬೇರೆ ಬೇರೆ ಮಿತಿ ಇಟ್ಟು ನೋಡುತ್ತೇನೆಂದು ಅಳಿಯನಿಗೆ ಹೇಳಿದಳು. ಈ ಸಲ ಅವನು ಹುಬ್ಬೇರಿಸಲಿಲ್ಲ, ಮರದ ತುಂಡುಗಳನ್ನು ತಾನೇ ಹೊತ್ತು ತಂದ.

ಮೂರು ದಿನ ಇಬ್ಬರೂ ಹಿಂದಿನ ಕೋಣೆಯಿಂದ ಹೊರಗೆ ಬರಲಿಲ್ಲ. ನಡುವಿನ ಹಂತದವರೆಗೆ ಬಿಟ್ಟಾಗ ಎಂಟು ತುಂಡಿನಲ್ಲಿ ಒಂದು ತಪ್ಪಿತು. ಮೊದಲನೇ ಹಂತಕ್ಕೆ ನಿಲ್ಲಿಸಿದಾಗ ಎಂಟಕ್ಕೆ ಎಂಟೂ ಸರಿಬಂದವು. ಪೂರ್ತಿ ಆಫ್ ಮಾಡಿದಾಗಲೂ ಎಂಟೂ ಸರಿಯೇ, ಆದರೆ ಪುಟ್ಟ ಪೆಟ್ಟಿಗೆ ಕೈ ಇಡಲಾಗದಷ್ಟು ಬಿಸಿಯಾಗಿ ಅದರ ಫ್ಯಾನು ದುಂಬಿಯಂತೆ ಗುಂಯ್‌ಗುಟ್ಟಿತು. ಮೊದಲನೇ ಹಂತದಲ್ಲಿ ಬರೀ ಉಗುರುಬೆಚ್ಚಗೆ. ಅದನ್ನೇ ಉಳಿಸಿಕೊಂಡರು.

"ಒಂಚೂರು ನಿದ್ದೆ ಬಿಟ್ಟಿದ್ದೀವಿ ಪಾಪ" ಎಂದ ಹೊಲಿಗೆಯಜ್ಜ, ಒಳಗೆ ಇಣುಕಿ. "ನನಗೂ ಊಟ ಆದಮೇಲೆ ಅಷ್ಟು ಬಿಟ್ರೆ ಸಾಕು."

ಆಮೇಲೆ ಶುರುವಾಯಿತು ಕೆಲಸ. ದಿನಕ್ಕೆ ಎಂಟು ಅಚ್ಚು, ಒಮ್ಮೊಮ್ಮೆ ಒಂಬತ್ತು. ಪ್ರತಿ ಅಚ್ಚನ್ನೂ ಅಳತೆಯಕ್ಕ ಕಣ್ಣು ಮುಚ್ಚಿ ಬೆರಳಾಡಿಸಿ ನೋಡುತ್ತಿದ್ದಳು, ಉಗುರಿಗೆ ಏನೂ ತಡೆಯುತ್ತಿರಲಿಲ್ಲ. ಅಳಿಯ ತಾನಾಗಿಯೇ ಚರ್ಮ ಕತ್ತರಿಸಲು ಕೂತ. ಯಜಮಾನರು ಕುರ್ಚಿಯಲ್ಲೇ ಕೂತು ಅಟ್ಟೆಗೆ ಅಂಟು ಬಳಿದರು. ಹೊಲಿಗೆಯಜ್ಜನ ಸೂಜಿಗೆ ಉಸಿರು ಬಿಡಲು ಪುರುಸೊತ್ತಿರಲಿಲ್ಲ. ಕೊಟ್ಟ ಮಾತಿಗೆ ಇನ್ನೂ ಒಂದು ದಿನ ಇರುವಂತೆಯೇ ಮೂವತ್ತಾರು ಬೂಟುಗಳು ಮುಂದಿನ ಕೋಣೆಯ ಗೋಡೆಯುದ್ದಕ್ಕೂ ಸಾಲಾಗಿ ನಿಂತವು. ಒಂದರಂತೆ ಇನ್ನೊಂದಿಲ್ಲ, ಆದರೆ ಒಂದೊಂದೂ ತನ್ನ ಕಾಲಿಗೆ ತಕ್ಕಂತೆ.

ಡಾಕ್ಟರಮ್ಮ ತಮ್ಮ ರೋಗಿಗಳಲ್ಲಿ ಆರು ಜನರನ್ನು ವ್ಯಾನಿನಲ್ಲಿ ಕರೆದುಕೊಂಡು ಬಂದರು. ಅವರಲ್ಲಿ ಒಬ್ಬಳು ಅಂಚೆ ಹಂಚುವ ಹೆಂಗಸು. ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ, ಹಿಮ್ಮಡಿಯಲ್ಲಿ ಮೂರು ವರ್ಷದಿಂದ ಮಾಯದ ಗಾಯ. ಬೂಟು ಹಾಕಿಕೊಂಡು ಎದ್ದು ನಿಂತಳು. ಕೋಣೆಯ ಆ ತುದಿಗೆ ಹೋದಳು, ಈ ತುದಿಗೆ ಬಂದಳು, ಬಾಗಿಲು ದಾಟಿ ಬೀದಿಗಿಳಿದಳು. ಎಲ್ಲರೂ ಕಿಟಕಿಯಿಂದ ನೋಡುತ್ತಿದ್ದರು. ತಿರುವಿನವರೆಗೆ ಹೋಗಿ, ತಿರುಗಿ, ವಾಪಸು ಬರುವಾಗ ಹೆಜ್ಜೆ ಬಿರುಸಾಯಿತು. ಒಳಗೆ ಬಂದವಳಿಗೆ ಏದುಸಿರು.

"ಏನಾದ್ರೂ ಒತ್ತುತ್ತಾ?" ಅಳತೆಯಕ್ಕ ಕೇಳಿದಳು.

"ಇಲ್ಲ. ಕಾಲಲ್ಲಿ ಏನೂ ಇಲ್ಲವೇನೋ ಅನ್ಸುತ್ತೆ."

ಅದಕ್ಕಿಂತ ದೊಡ್ಡ ಹೊಗಳಿಕೆ ಆ ಕಾರ್ಖಾನೆಯಲ್ಲಿ ಯಾರೂ ಕೇಳಿರಲಿಲ್ಲ. ಡಾಕ್ಟರಮ್ಮ ಉಳಿದ ಐದು ಜನರ ಕಾಲನ್ನೂ ಬಗ್ಗಿ ಬಗ್ಗಿ ನೋಡಿ ಎದ್ದರು. ಇನ್ನು ಮುಂದೆ ಆಸ್ಪತ್ರೆಯ ಇಂಥ ಬೂಟುಗಳೆಲ್ಲ ಇಲ್ಲೇ ಆಗಲಿ ಎಂದು ಅಳಿಯನ ಕೈ ಕುಲುಕಿದರು. "ಒಂದರಲ್ಲೂ ಒಂದು ಗೀರಿಲ್ಲ. ನಿಮ್ಮ ಯಂತ್ರ ಬಹಳ ಒಳ್ಳೇದಿದೆ."

"ಯಂತ್ರ ಎಲ್ಲರ ಹತ್ತಿರ ಇರೋದೇ ಡಾಕ್ಟ್ರೇ" ಎಂದ ಅಳಿಯ. ಕೆಲಸಗಾರರೆಲ್ಲ ಅಲ್ಲೇ ಇದ್ದರು. "ಅದು ತಪ್ಪುತ್ತಿತ್ತು. ನಾನು ಇವರನ್ನ ಅನುಮಾನಿಸಿದೆ. ಇವರು ಯಂತ್ರ ಮಾಡಿದೋರಿಗೂ ಗೊತ್ತಾಗದೇ ಇದ್ದಿದ್ದನ್ನ ಹುಡುಕಿದ್ರು. ಕೈ ಕುಲುಕೋದಿದ್ರೆ ಇವರ ಕೈ ಕುಲುಕಿ."

ಅಳತೆಯಕ್ಕನ ಕೈಗೆ ಅಂಟು ಮೆತ್ತಿತ್ತು. ಸೀರೆಗೆ ಒರೆಸಿಕೊಳ್ಳುವಷ್ಟರಲ್ಲಿ ಡಾಕ್ಟರಮ್ಮ ಹಿಡಿದೇಬಿಟ್ಟರು.

ಒಂದು ತಿಂಗಳ ಮೇಲೆ ಯಂತ್ರದ ಕಂಪನಿಯಿಂದ ಒಂದು ಕಾಗದ ಬಂತು. ಆ ಯಂತ್ರ ಇಟ್ಟುಕೊಂಡ ನಾನೂರು ಚಿಲ್ಲರೆ ಕಾರ್ಖಾನೆಗಳಿಗೆಲ್ಲ ಕಳಿಸಿದ ಸೂಚನೆ. ಬಳಕೆದಾರರೊಬ್ಬರು ಕಂಡುಹಿಡಿದ ದೋಷ, ಅದಕ್ಕೆ ಪರಿಹಾರ ಎಂದು ಅರ್ಧ ಪುಟ ಅಚ್ಚಾಗಿತ್ತು. ಅಳಿಯ ನಡುವಿನ ಕೋಣೆಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದಿದ. ಯಜಮಾನರು ಅದನ್ನು ಕಟ್ಟು ಹಾಕಿಸಬೇಕು ಎಂದರು. ಅಳತೆಯಕ್ಕ ಕಾಗದ ಕೈಗೆ ತೆಗೆದುಕೊಂಡು ಇನ್ನೊಮ್ಮೆ ತಾನೇ ಓದಿದಳು. ಮೂರನೇ ಸಾಲಿಗೆ ಬಂದಾಗ ಅವಳ ಬೆರಳು ನಿಂತಿತು.

"ತಡೀರಿ. ಇದನ್ನ ಕಟ್ಟು ಹಾಕಿಸಬೇಡಿ."

'ಕಂಪ್ಯೂಟರಿನ ಮೇಲೆ ಕೆಲಸ ಹೆಚ್ಚಾದಾಗ ಈ ದೋಷ ಕಾಣಿಸುತ್ತದೆ' ಎಂದಿತ್ತು ಅಲ್ಲಿ.

ಫೋನು ಹಚ್ಚಿದಳು. ಇಂಜಿನಿಯರ್ ಸಿಕ್ಕಿದಳು, ಕೇಳಿ ನಿಟ್ಟುಸಿರು ಬಿಟ್ಟಳು. "ನಾನು ಸರಿಯಾಗೇ ಬರೆದಿದ್ದೆ ಮೇಡಂ. ಅಚ್ಚಿಗೆ ಹೋಗೋ ಮುಂಚೆ ಯಾರೋ ನೋಡಿ, ಇದೇನು ಉಲ್ಟಾ ಬರೆದಿದ್ದಾರೆ ಅಂತ ತಿದ್ದಿಬಿಟ್ಟಿದ್ದಾರೆ."

"ತಿದ್ದಿದೋರಿಗೆ ಫೋನ್ ಕೊಡಿ" ಎಂದಳು ಅಳತೆಯಕ್ಕ.

ತಿದ್ದಿದವರು ಒಬ್ಬ ದೊಡ್ಡ ಅಧಿಕಾರಿ, ಧ್ವನಿಯಲ್ಲೇ ಗತ್ತು. ಕೆಲಸವಿಲ್ಲದೆ ಸುಮ್ಮನಿರುವ ಕಂಪ್ಯೂಟರು ಹೇಗಮ್ಮ ತಪ್ಪುತ್ತದೆ ಎಂದು ಕೇಳಿದರು. ಅಳತೆಯಕ್ಕ ಸ್ಟೂಲು ಎಳೆದುಕೊಂಡು ಕೂತಳು, ಸಾವಕಾಶವಾಗಿ, ಕಾಲು ನೋವಿನವರಿಗೆ ಹೇಳುವಷ್ಟೇ ಸಮಾಧಾನದಲ್ಲಿ ಹೇಳತೊಡಗಿದಳು. ಇಪ್ಪತ್ತು ನಿಮಿಷವಾಯಿತು. ನಡುವಿನ ಕೋಣೆಯಲ್ಲಿ ಹೊಲಿಗೆ ನಿಂತು ಎಲ್ಲರೂ ಕಿವಿ ನಿಮಿರಿಸಿದ್ದರು. ಕೊನೆಗೆ ಆ ಕಡೆಯಿಂದ ಒಂದು ಪ್ರಶ್ನೆ ಬಂತು, ಅದಕ್ಕೆ ಅವಳು ಕೊಟ್ಟ ಉತ್ತರ ಮಾತ್ರ ಎಲ್ಲರಿಗೂ ಕೇಳಿಸಿತು.

"ಇಲ್ಲ ಸಾರ್, ನಾನು ಇಂಜಿನಿಯರ್ ಅಲ್ಲ. ಕಾಲು ಅಳೆಯೋಳು."

ಅದರ ಮುಂದಿನ ಶುಕ್ರವಾರ ನಾನೂರು ಕಾರ್ಖಾನೆಗಳಿಗೂ ಹೊಸ ಕಾಗದ ಹೊರಟಿತು. ಮೂರನೇ ಸಾಲು ಸರಿಯಾಗಿತ್ತು.